ರಕ್ತಕ್ಕೂ ಕಣ್ಣಿಗೂ ಏನ್ ಸಂಬಂಧ?

ಹುಮನಾಬಾದ ಹತ್ತಿರದ ನಮ್ಮೂರು ಹುಡಗಿಯಿಂದ ಗೆಳೆಯನ ಫೋನ್ ಬಂತು. ಏಳು ತಿಂಗಳಿಗೇ ಹುಟ್ಟಿದ ಮಗು. "ರಕ್ತ ಕಮ್ಮಿ ಅಂತ ರಕ್ತ ಹಾಕ್ಯಾರ. ಈಗ ಕಣ್ಣು ತೋರಸ್ರಿ ಅಂತಾರ. ಯಾಕ?" ಅಂದ.

ಇದಕ್ಕೊಂದು ಇತಿಹಾಸ ಇದೆ, ಕೇಳಿ. 1942ರಲ್ಲಿ ಬಾಸ್ಟನ್‌ನ ಥಿಯೋಡೋರ್ ಟೆರಿ, ಅವಧಿಗೆ ಮುಂಚೆ ಹುಟ್ಟಿದ ಶಿಶುಗಳ ಈ ಕುರುಡುತನವನ್ನು ವರದಿ ಮಾಡಿದರು. 1951ರಲ್ಲಿ ಮೆಲ್ಬರ್ನ್‌ನ ಕೇಟ್ ಕ್ಯಾಂಪ್‌ಬೆಲ್ ಅತಿಯಾದ ಆಮ್ಲಜನಕದ ಕಡೆ ಬೊಟ್ಟು ಮಾಡಿದರು. ಜೀವ ಉಳಿಸಿದ ಗಾಳಿಯೇ ಕಣ್ಣು ಕಸಿದಿತ್ತು! ರಕ್ತದ ಮೇಲೆ ಅನುಮಾನ ಆಮೇಲೆ ಬಂತು. ಶಿಶುವಿನ ಹಿಮೋಗ್ಲೋಬಿನ್ ಆಮ್ಲಜನಕವನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತೆ; ದೊಡ್ಡವರದ್ದು ಸಲೀಸಾಗಿ ಬಿಟ್ಟುಕೊಡುತ್ತೆ. ರಕ್ತ ಹಾಕಿಸಿಕೊಂಡ ಶಿಶುಗಳಲ್ಲಿ ಈ ರೋಗ ಹೆಚ್ಚು ಕಾಣಲು ಇದೂ ಒಂದು ಕಾರಣ ಇರಬಹುದು. ಹಾಗಂತ ರಕ್ತ ಬೇಡ ಅನ್ನೋ ಹಾಗಿಲ್ಲ, ಜೀವ ಮೊದಲು.

2008ರಲ್ಲಿ ಬೆಂಗಳೂರಿನ ನಾರಾಯಣ ನೇತ್ರಾಲಯದ ಡಾ. ಆನಂದ್ ವಿನೇಕರ್ ಅವರ ತಂಡ 'ಕಿಡ್‌ರಾಪ್' ಶುರುಮಾಡಿತು. ತಂತ್ರಜ್ಞರು ಕ್ಯಾಮೆರಾ ಹೊತ್ತು ಹಳ್ಳಿಗಾಡಿನ ಶಿಶುಗಳ ಹತ್ತಿರ ಹೋದರು. ಚಿತ್ರ ವೈದ್ಯರಿಗೆ ಹೋಯಿತು.

34 ವಾರಕ್ಕೆ ಮುಂಚೆ ಹುಟ್ಟಿದ್ದರೆ, ಇಲ್ಲವೇ ತೂಕ 2 ಕೆ.ಜಿ.ಗಿಂತ ಕಮ್ಮಿ ಇದ್ದರೆ, 30 ದಿನದೊಳಗೆ ಕಣ್ಣಿನ ಪರೀಕ್ಷೆ ಆಗಲೇಬೇಕು. ತೀರಾ ಸಣ್ಣ ಕೂಸಿಗೆ ಇನ್ನೂ ಬೇಗ. ಗೆಳೆಯನ ಮಗುವಿಗೆ ಅವತ್ತು 22 ದಿನ. "ನಾಳೆ ಅನ್ನಬ್ಯಾಡ, ಈಗ ಹೊರಡು" ಅಂದೆ.