ಟೈಲ್ಸ್ ಕೆಳಗಿನ ಫರಸಿ

ಯುಗಾದಿಗೆ ಸಿಂದಗಿಗೆ ಹೋದಾಗ ಪಡಸಾಲೆಯ ನಟ್ಟನಡುವೆ ಒಂದು ಟೈಲ್ಸ್ ಒಡೆದಿತ್ತು. ಅವ್ವ ಅದರ ಮೇಲೆ ಕಾಲೊರಸು ಹಾಕಿ ಮುಚ್ಚಿಟ್ಟಿದ್ದಳು. ನಾನು ಬರಿಗಾಲಲ್ಲಿ ತುಳಿದೆ, ಹೆಬ್ಬೆರಳಿಗೆ ರಕ್ತ ಬಂತು. "ತಿಂಗಳಾತು ಒಡದು. ಫೋನಿನ್ಯಾಗ ಹೇಳಿದ್ರ ಸುಮ್ನ ಚಿಂತಿ ಮಾಡ್ತಿ ಅಂತ ಹೇಳ್ಲಿಲ್ಲ" ಅಂದಳು.

ಒಂದಡಿ ಅಗಲದ ಒಂದು ಟೈಲ್ಸ್ ತಾನೆ, ಅರ್ಧ ದಿನದ ಕೆಲಸ ಅಂದುಕೊಂಡೆ. ಫೋಟೋ ಹಿಡಿದು ಸಿಂದಗಿಯ ಅಂಗಡಿಗಳನ್ನು ಸುತ್ತಿದೆ, ಮರುದಿನ ವಿಜಯಪುರಕ್ಕೂ ಹೋದೆ. ಎಲ್ಲ ಕಡೆ ಒಂದೇ ಉತ್ತರ: "ಈ ಡಿಸೈನ್ ಈಗ ಬರಂಗಿಲ್ರಿ. ಪೂರಾ ಹಾಲ್ ತೆಗಸಿ ಹೊಸಾದು ಹಾಕಿಸ್ರಿ." ಹನ್ನೆರಡು ವರ್ಷದ ಹಿಂದೆ ಅಪ್ಪ ಆಸೆಪಟ್ಟು ಹಾಕಿಸಿದ ನೆಲ. ಈಗ ಅಪ್ಪ ಇಲ್ಲ. ಒಂದು ತುಂಡಿಗಾಗಿ ನೆಲವನ್ನೆಲ್ಲ ಅಗೆಸಲು ಅವ್ವ ಒಪ್ಪಲಿಲ್ಲ.

ಕೊನೆಗೆ ಊರಿನ ಗೌಂಡಿ ಕಾಕಾ ಬಂದರು. ಉಳಿಯ ಹಿಡಿಯಿಂದ ಟೈಲ್ಸ್ ಮೇಲೆ ಬಡಿದು, "ಕೇಳಿದಿ ಏನ್ ತಮ್ಮಾ? ಟೊಳ್ಳ್ ಐತಿ" ಅಂದರು. ಕೆಳಗೆ ಸಿಮೆಂಟು ಹಿಡಿದಿಲ್ಲದ ಕಡೆ ಟೈಲ್ಸಿಗೆ ಆಸರೆ ಇರುವುದಿಲ್ಲ. ಕೊಡವೋ ಗುಂಡುಕಲ್ಲೋ ಬಿದ್ದರೆ ಅಲ್ಲೇ ಬಿರುಕು. ಅವರು ಮೊದಲು ನಾಲ್ಕೂ ಕಡೆಯ ಸಂದನ್ನು ಕೊಯ್ದರು. ಆಮೇಲೆ ನಡುವಿನಿಂದ ಅಂಚಿನ ಕಡೆಗೆ ಒಡೆಯುತ್ತ ಬಂದರು. ಅಂಚಿನಿಂದ ಶುರುಮಾಡಿದರೆ ಪಕ್ಕದ್ದೂ ಹೋಗುತ್ತದೆ. ಚೂರು ತೆಗೆದು, ಸಿಮೆಂಟು ಕೆರೆದಾಗ ಕೆಳಗೆ ಕಂಡದ್ದು ಬೂದುಬಣ್ಣದ ನುಣುಪು ಕಲ್ಲು. ನನ್ನ ಬಾಲ್ಯದ ಫರಸಿ!

ಅಪ್ಪ ಫರಸಿಯನ್ನು ಕೀಳಿಸಿರಲಿಲ್ಲ, ಅದರ ಮೇಲೆಯೇ ಟೈಲ್ಸ್ ಹಾಕಿಸಿದ್ದರು. ನಮ್ಮ ಬಾಗಿಲುಗಳನ್ನೆಲ್ಲ ಕೆಳಗೆ ಯಾಕೆ ಕೊಯ್ದಿದ್ದಾರೆ ಅನ್ನೋದು ಅವತ್ತು ಗೊತ್ತಾಯಿತು. ಹತ್ತಾರು ವರ್ಷ ಕಾಲು, ನೀರು, ಎಣ್ಣೆ ಉಂಡು ಜಾರುವಂತಾಗಿದ್ದ ಕಲ್ಲನ್ನು ಸಿಮೆಂಟು ಹಿಡಿದಿರಲೇ ಇಲ್ಲ.

ಫರ್ಶ್ ಎಂದರೆ ಹಾಸು. ಅರಬ್ಬಿ-ಫಾರಸಿಯಿಂದ ಬಂದ ಆ ಮಾತು ನಮ್ಮ ಕಡೆ ಫರಸಿ ಆಯಿತು. ಕನ್ನಡದ ಹಾಸುಗಲ್ಲಿಗೂ ಅದೇ ಅರ್ಥ. ಇಂಡಿ, ಸಿಂದಗಿ, ಬಸವನ ಬಾಗೇವಾಡಿಯ ನೆಲದಡಿ ಹೆಚ್ಚಾಗಿ ಇರುವುದು ಸುಮಾರು 6.6 ಕೋಟಿ ವರ್ಷಗಳ ಹಿಂದೆ ಲಾವಾ ಹರಿದು ಆದ ಕರಿಕಲ್ಲು. ಅದು ಹಾಳೆ ಹಾಳೆಯಾಗಿ ಸೀಳುವುದಿಲ್ಲ. ಆದರೆ ಮುದ್ದೇಬಿಹಾಳದ ಸೀಮೆಗೆ ಹೋದರೆ ಆ ಕರಿಕಲ್ಲಿನ ಹೊದಿಕೆ ಮುಗಿದು, ಅದಕ್ಕಿಂತ ಎಷ್ಟೋ ಹಳೆಯ ಸುಣ್ಣಕಲ್ಲು ಮೇಲೆ ಬರುತ್ತದೆ. ಪದರ ಪದರವಾಗಿ ಏಳುವ ಈ ಕಲ್ಲಿಗೆ ಭೀಮಾ ತೀರದಾಚೆ ಶಹಾಬಾದ್ ಹೆಸರು, ನಮ್ಮ ಕಡೆ ತಾಳಿಕೋಟೆಯ ಹೆಸರು. ಇತಿಹಾಸದ ಪುಸ್ತಕದಲ್ಲಿ ತಾಳಿಕೋಟೆ ಎಂದರೆ 1565ರ ಯುದ್ಧ. ನಮ್ಮ ಅಜ್ಜನ ಬಾಯಲ್ಲಿ ತಾಳಿಕೋಟೆ ಎಂದರೆ ಫರಸಿ.

ಈ ಕಲ್ಲು ಎರೆನೆಲಕ್ಕೆ ಹೊಂದಿಕೊಂಡದ್ದಕ್ಕೂ ಕಾರಣ ಇದೆ. ಎರೆಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ಗರಸಿನ ಮೇಲೆ ಕೂಡಿಸಿದ ಫರಸಿ ಸಂದಿನಲ್ಲಿ ಅಷ್ಟಿಷ್ಟು ಅಲುಗಾಡಿ ಸುಮ್ಮನಾಗುತ್ತದೆ. ಒಂದು ಕಲ್ಲು ಕುಸಿದರೆ ಹಾರೆಯಿಂದ ಎಬ್ಬಿಸಿ, ಗರಸು ತುಂಬಿ, ಮತ್ತೆ ಕೂಡಿಸಿದರಾಯಿತು. ಒಡೆದರೆ ಅದೇ ಸೀಮೆಯ ಗಣಿಯಿಂದ ಇನ್ನೊಂದು. ಬಣ್ಣ ತುಸು ಹೆಚ್ಚುಕಡಿಮೆ, ಅಷ್ಟೆ. ಹಳೆಯದು ಹಿತ್ತಲಿಗೆ ಹೋಗಿ ಬಟ್ಟೆ ಒಗೆಯುವ ಕಲ್ಲಾಗುತ್ತಿತ್ತು. ಆಲಮಟ್ಟಿಯ ಹಿನ್ನೀರು ಏರಿದಾಗ ಬಾಗೇವಾಡಿ ಕಡೆಯವರು ಬಿಟ್ಟ ಮನೆಯ ತೊಲೆ, ಬಾಗಿಲ ಜೊತೆ ಹಾಸುಗಲ್ಲನ್ನೂ ಕಿತ್ತು ಹೊಸ ಊರಿಗೆ ಒಯ್ದರು ಅಂತ ಹಿರಿಯರು ಹೇಳುತ್ತಾರೆ. ಟೈಲ್ಸನ್ನು ಹಾಗೆ ಒಯ್ಯಲು ಬರುವುದಿಲ್ಲ, ಕಿತ್ತರೆ ಅದು ಚೂರು.

ಹಾಗಂತ ಸುಟ್ಟ ಮಣ್ಣಿನ ಬಿಲ್ಲೆ ನಮಗೆ ಹೊಸತೇನಲ್ಲ. ಬೀದರಿನಲ್ಲಿ ಮಹಮೂದ್ ಗವಾನ್ 1472ರಲ್ಲಿ ಕಟ್ಟಿಸಿದ ಮದರಸಾದ ಗೋಡೆಗಳಿಗೆ ಬಣ್ಣದ ಮೆರುಗಿನ ಟೈಲ್ಸ್ ಇತ್ತು. ಉದುರಿದವು ಉದುರಿದವೇ, ಗೋಡೆ ಇವತ್ತಿಗೂ ಬಹುಪಾಲು ಬೋಳು. ಮಂಗಳೂರಿನಲ್ಲಿ 1865ರಲ್ಲಿ ಬಾಸೆಲ್ ಮಿಷನ್ ಹೆಂಚಿನ ಕಾರ್ಖಾನೆ ಶುರುಮಾಡಿತು. ಆ ಮಾದರಿಯ ಹೆಂಚು ದೇಶದ ತುಂಬ ಹರಡಿತು. ಗುಜರಾತಿನ ಮೋರ್ಬಿ ಕೂಡ ಒಂದು ಕಾಲಕ್ಕೆ ಮಾಳಿಗೆಯ ಹೆಂಚು ಸುಡುತ್ತಿದ್ದ ಊರೇ. ಇವತ್ತು ದೇಶದ ಬಹುಪಾಲು ಟೈಲ್ಸ್ ಅಲ್ಲಿಂದಲೇ ಬರುತ್ತದೆ. ಅಲ್ಲಿನ ಯಂತ್ರ ನಮ್ಮ ಫರಸಿಯ ಚಿತ್ರವನ್ನೂ ಟೈಲ್ಸ್ ಮೇಲೆ ಅಚ್ಚು ಹಾಕಿಕೊಡುತ್ತದೆ! ಆದರೆ ಒಂದು ಡಿಸೈನಿನ ಆಯುಷ್ಯ ಕೆಲವೇ ವರ್ಷ. ಅದೇ ಡಿಸೈನ್ ಸಿಕ್ಕರೂ ಬೇರೆ ಬ್ಯಾಚ್ ಆದರೆ ಬಣ್ಣ ಕೂಡುವುದಿಲ್ಲ. ಫರಸಿಯ ಗಣಿ ಪಕ್ಕದ ತಾಲೂಕಿನಲ್ಲಿತ್ತು. ಟೈಲ್ಸ್ ಸಾವಿರ ಕಿಲೋಮೀಟರಿಗೂ ದೂರದಿಂದ ಒಮ್ಮೆ ಬಂತು, ಮತ್ತೆ ಬರಲಿಲ್ಲ. ನೆಲವನ್ನು ರಿಪೇರಿ ಮಾಡುವ ಶಕ್ತಿ ಊರಿನ ಕೈಯಿಂದ ಕಾರ್ಖಾನೆಯ ಕೈಗೆ ಹೋದದ್ದು ಹೀಗೆ. ಟೈಲ್ಸ್ ಕೆಟ್ಟದ್ದು ಅಂತಲ್ಲ. ಒರೆಸಲು ಹಗುರ, ಅವ್ವನ ಬೆನ್ನಿಗೆ ಅದೇ ಒಳ್ಳೆಯದು. ಹೊಸ ಮನೆಗೆ ಹಾಕಿಸುವವರು ನಾಲ್ಕೈದು ಹೆಚ್ಚು ಉಳಿಸಿಕೊಳ್ಳಿ, ಡಬ್ಬದ ಮೇಲಿನ ಶೇಡ್, ಬ್ಯಾಚ್ ನಂಬರಿನ ಫೋಟೋ ತೆಗೆದಿಡಿ. ಅಪ್ಪ ಅದೊಂದು ಮರೆತಿದ್ದರು.

ನಮ್ಮ ಮನೆಯ ದಾರಿ ತೋರಿಸಿದ್ದು ಅವ್ವನೇ. "ಹಿತ್ತಲದಾಗ ಒಗಿಯೋ ಕಲ್ಲಿನ ಬಾಜೂಕ ಒಂದು ತುಂಡು ಫರಸಿ ಬಿದ್ದೈತಿ ನೋಡ್ರಿ" ಅಂದಳು. ಕಾಕಾ ಅದನ್ನು ಮಷೀನಿನಿಂದ ಒಂದಡಿಗೆ ಕೊಯ್ದರು. ಟೈಲ್ಸ್ ಮತ್ತು ಸಿಮೆಂಟು ತೆಗೆದ ಕುಳಿಗೆ ಇಂಚು ದಪ್ಪದ ಕಲ್ಲು ಸರಿಯಾಗಿ ಕೂತಿತು. ಮಟ್ಟ ನೋಡಿ, ರಬ್ಬರ್ ಸುತ್ತಿಗೆಯಿಂದ ಮೆಲ್ಲಗೆ ಬಡಿದರು. "ನಾಳಿ ತನಕ ಯಾರೂ ಕಾಲಿಡಬ್ಯಾಡ್ರಿ, ಸಂದು ಆಮ್ಯಾಲ ತುಂಬತೀನಿ" ಅಂದು ಹೋದರು.

ಈಗ ನಮ್ಮ ಹಾಲಿನ ಬಿಳಿ ಟೈಲ್ಸ್ ನಡುವೆ ಒಂದೇ ಒಂದು ಬೂದು ಫರಸಿ. ಬಂದವರು ಇದ್ಯಾಕೆ ಹೀಗೆ ಅಂತ ಕೇಳುತ್ತಾರೆ. ಬೇಸಿಗೆಯ ಮಧ್ಯಾಹ್ನ ಅವ್ವ ಅಲ್ಲೇ ಕುರ್ಚಿ ಹಾಕಿಕೊಂಡು, ಎರಡೂ ಪಾದ ಅದರ ಮೇಲಿಟ್ಟು ಕೂಡುತ್ತಾಳೆ. ತಂಪಂತೆ.