ಮಹಾವೀರಾಚಾರ್ಯನ ಒಂದು ಅಂಕಮಾಲೆ

ರಾಷ್ಟ್ರಕೂಟ ಚಕ್ರವರ್ತಿಯಾದ ಅಮೋಘವರ್ಷ ನೃಪತುಂಗನ ಕಾಲವೆಂದೊಡನೆ ಕನ್ನಡ ವಿದ್ವಾಂಸರಿಗೆ ಕವಿರಾಜಮಾರ್ಗವು ಸ್ಮರಣೆಗೆ ಬರುವುದು ಸಹಜ. ಅದೇ ದೊರೆಯನ್ನು ಗ್ರಂಥಾದಿಯಲ್ಲಿ ಸ್ತುತಿಸಿ, ಕ್ರಿ. ಶ. 850ರ ಸುಮಾರಿನಲ್ಲಿ ಜೈನಾಚಾರ್ಯನಾದ ಮಹಾವೀರನು ಸಂಸ್ಕೃತದಲ್ಲಿ ರಚಿಸಿದ ಗಣಿತಸಾರಸಂಗ್ರಹಕ್ಕೆ ಸಾಹಿತ್ಯಚರಿತ್ರೆಯಲ್ಲಿ ದೊರೆತಿರುವ ಸ್ಥಾನವು ಅಲ್ಪವಾದುದು. ಎಂ. ರಂಗಾಚಾರ್ಯರು ಇದನ್ನು 1912ರಲ್ಲಿ ಮದರಾಸಿನಿಂದ ಇಂಗ್ಲಿಷ್ ಅನುವಾದಸಮೇತ ಪ್ರಕಟಗೊಳಿಸಿದರು.

ಈ ಗ್ರಂಥದ ಗುಣಾಕಾರ ಪ್ರಕರಣದಲ್ಲಿ 27994681 ಎಂಬ ಗುಣ್ಯವನ್ನು 441ರಿಂದ ಗುಣಿಸತಕ್ಕ ಲೆಕ್ಕವೊಂದುಂಟು. ಲಬ್ಧವು 12345654321. ಒಂದರಿಂದ ಆರರವರೆಗೆ ಏರಿ, ಅದೇ ಕ್ರಮದಲ್ಲಿ ಇಳಿಯುವ ಈ ಅಂಕಪಂಕ್ತಿಯು ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ. ಇಂತಹ ಲಬ್ಧಗಳನ್ನು ಆಚಾರ್ಯನು ಕಂಠಾಭರಣಕ್ಕೆ ಹೋಲಿಸಿದ್ದಾನೆ. ಇದು ಕೇವಲ ಚಮತ್ಕಾರವೋ, ಸಂಖ್ಯಾಸ್ವರೂಪದ ಜ್ಞಾನವೋ ಎಂಬುದು ವಿಚಾರಾರ್ಹವಾಗಿದೆ.

ಮೊದಲನೆಯದಾಗಿ, ಈ ಸಂಖ್ಯೆಯು 111111ರ ವರ್ಗ. ಆರು ಒಂದುಗಳುಳ್ಳ ಪಂಕ್ತಿಯನ್ನು ಒಂದೊಂದು ಸ್ಥಾನ ಸರಿಸುತ್ತ ಆರು ಸಲ ಬರೆದು ಕೂಡಿದರೆ, ಮಧ್ಯದ ಸ್ಥಾನದಲ್ಲಿ ಆರು ಒಂದುಗಳೂ, ಇಕ್ಕೆಲಗಳಲ್ಲಿ ಕ್ರಮವಾಗಿ ಕಡಮೆಯಾದವೂ ನಿಲ್ಲುತ್ತವೆ. ಒಂಬತ್ತು ಒಂದುಗಳವರೆಗೆ ಈ ನಿಯಮ ಸಲ್ಲುತ್ತದೆ. ಹತ್ತಾದರೆ ದಶಕವು ಮುಂದಿನ ಸ್ಥಾನಕ್ಕೆ ಸಾಗಿ ಮಾಲೆ ಕೆಡುತ್ತದೆ. ಎರಡನೆಯದಾಗಿ, ಗುಣಕವಾದ 441 ಎಂಬುದು 21ರ ವರ್ಗ. ಗುಣ್ಯವು 5291ರ ವರ್ಗ. 21ನ್ನು 5291ರಿಂದ ಗುಣಿಸಿದರೆ 111111. ಈ ಸಂಖ್ಯೆಯ ಅವಿಭಾಜ್ಯ ಅಪವರ್ತನಗಳು 3, 7, 11, 13, 37. ಇವುಗಳಲ್ಲಿ ಮೊದಲಿನ ಎರಡರ ವರ್ಗಗಳನ್ನು ಗುಣಕದಲ್ಲಿಯೂ, ಉಳಿದ ಮೂರರ ವರ್ಗಗಳನ್ನು ಗುಣ್ಯದಲ್ಲಿಯೂ ಅಡಗಿಸಿದಂತಾಗಿದೆ. ವರ್ಗವೊಂದನ್ನು ಎರಡು ವರ್ಗಗಳಾಗಿಯೇ ಒಡೆದಿರುವುದು ಯಾದೃಚ್ಛಿಕವೆನ್ನುವುದು ಕಷ್ಟ. ಅದೇ ಪ್ರಕರಣದ ಇನ್ನೊಂದು ಲೆಕ್ಕದಲ್ಲಿ 12345679ನ್ನು 9ರಿಂದ ಗುಣಿಸಿ 111111111ನ್ನು ಪಡೆದಿರುವುದೂ ಈ ಊಹೆಯನ್ನು ಬಲಪಡಿಸುತ್ತದೆ.

ಸಾಹಿತ್ಯಾಧ್ಯಾಪಕರು ಗಮನಿಸತಕ್ಕ ಅಂಶವೊಂದಿದೆ. ಸಾವಿರದ ಇನ್ನೂರ ಮೂವತ್ತನಾಲ್ಕು ಕೋಟಿ ಐವತ್ತಾರು ಲಕ್ಷ ಐವತ್ತನಾಲ್ಕು ಸಾವಿರದ ಮುನ್ನೂರ ಇಪ್ಪತ್ತೊಂದು ಎಂದು ಹೇಳಿದರೆ ಮಾಲೆಯ ಸೊಬಗು ಕಿವಿಗೆ ತೋರದು. ಏಕದಿಂದ ಮಹಾಕ್ಷೋಭದವರೆಗೆ ಇಪ್ಪತ್ತನಾಲ್ಕು ಸ್ಥಾನಗಳಿಗೆ ಹೆಸರಿತ್ತ ಆಚಾರ್ಯನಿಗೆ ಹೆಸರುಗಳ ಕೊರತೆಯಿರಲಿಲ್ಲ. ಆದರೂ ಅಂಕಗಳನ್ನು ಸ್ಥಾನಕ್ರಮದಲ್ಲಿ ನಿಲ್ಲಿಸಿ ನೋಡುವ ಅಭ್ಯಾಸವು ದೃಢವಾಗಿದ್ದಲ್ಲದೆ ಇಂತಹ ಕಂಠಾಭರಣವನ್ನು ಕಲ್ಪಿಸುವುದು ಶಕ್ಯವಲ್ಲ. ಶಬ್ದದಲ್ಲಿ ಅಲಂಕಾರವನ್ನು ವಿವೇಚಿಸಿದ ಆಸ್ಥಾನದ ಕಾಲದಲ್ಲಿಯೇ ಅಂಕದಲ್ಲಿಯೂ ಅಲಂಕಾರವು ಸಿದ್ಧಿಸಿತ್ತು.

ಗಣಿತವನ್ನು ಕನ್ನಡದಲ್ಲಿಯೇ ಹೇಳುವ ಕಾರ್ಯವನ್ನು 12ನೆಯ ಶತಮಾನದಲ್ಲಿ ರಾಜಾದಿತ್ಯನು ವ್ಯವಹಾರಗಣಿತಾದಿ ಗ್ರಂಥಗಳಿಂದ ನೆರವೇರಿಸಿದನು. ಇಂದು ಚಳ್ಳಕೆರೆ ತಾಲ್ಲೂಕಿನ ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯು ವಿಜ್ಞಾನ ಮತ್ತು ಗಣಿತದ ಅಧ್ಯಾಪಕರಿಗೆ ಶಿಕ್ಷಣವೀಯುತ್ತಿದೆ. ಅಲ್ಲಿ ಕಲಿತವರಿಗೂ ಕವಿರಾಜಮಾರ್ಗವನ್ನು ಬೋಧಿಸುವವರಿಗೂ ಈ ಅಂಕಮಾಲೆಯು ಸಮಾನವಾದ ಸ್ವತ್ತು. ಇಬ್ಬರೂ ಕೂಡಿ ಓದಿದಲ್ಲದೆ ನೃಪತುಂಗನ ಕಾಲದ ವಿದ್ಯಾಚರಿತ್ರೆಯು ಪೂರ್ಣವಾಗದು.