ಉಬ್ಬಿದ ಕೆಪಾಸಿಟರುಗಳ ಕಾಲ

2005ರ ಮೇ ತಿಂಗಳು. ನಾಗಪುರದ ಲಕ್ಷ್ಮೀ ನಗರದಲ್ಲಿ, ಆಠ್ ರಸ್ತಾ ಚೌಕಕ್ಕೆ ಸಮೀಪದ ಬಾಡಿಗೆ ಮನೆಯಲ್ಲಿ, ನಾನೇ ಜೋಡಿಸಿದ್ದ ಕಂಪ್ಯೂಟರ್ ಮಧ್ಯಾಹ್ನವಾದರೆ ಸಾಕು ತಾನಾಗಿ ಆರಿ ಹೊತ್ತಿಕೊಳ್ಳತೊಡಗಿತು. ಸೀತಾಬರ್ಡಿಯಿಂದ ಬಿಡಿಭಾಗಗಳನ್ನು ತಂದು, ಸಹೋದ್ಯೋಗಿಯೊಬ್ಬರ ನೆರವಿನಿಂದ ಕಟ್ಟಿ ಎರಡು ವರ್ಷವೂ ತುಂಬಿರಲಿಲ್ಲ. ವೈರಸ್ಸೆಂದರು, ರ್‍ಯಾಮ್ ಸಡಿಲವೆಂದರು. ಕೊನೆಗೆ ಪೆಟ್ಟಿಗೆ ಬಿಚ್ಚಿ ನೋಡಿದಾಗ ಪ್ರೊಸೆಸರಿನ ಸುತ್ತ ನಿಂತಿದ್ದ ಪುಟ್ಟ ಅಲ್ಯೂಮಿನಿಯಂ ಡಬ್ಬಿಗಳ ನೆತ್ತಿ ಪೂರಿಯಂತೆ ಉಬ್ಬಿತ್ತು. ಎರಡರ ತಲೆಯೊಡೆದು ಕಂದು ಅಂಟು ಹೊರಬಂದಿತ್ತು. ಅಪ್ಪ ಹೇಳುತ್ತಿದ್ದ ಊರಿನ ವೃತ್ತಾಂತಗಳನ್ನು ‘ಬರಹ’ ತಂತ್ರಾಂಶದಲ್ಲಿ ಟೈಪಿಸಿದ್ದ ನಲವತ್ತು ಪುಟಗಳಲ್ಲಿ ಹದಿನೆಂಟು ಮಾತ್ರ ದಕ್ಕಿದವು. ಮತ್ತೆ ಹೇಳಿಸಿಕೊಳ್ಳುವ ಅವಕಾಶ ಸಿಗಲಿಲ್ಲ.

ಅದು ನನ್ನೊಬ್ಬನ ದುರದೃಷ್ಟವಲ್ಲ, ಜಗತ್ತಿನಾದ್ಯಂತ ಹರಡಿದ್ದ ಒಂದು ಪಿಡುಗಿನ ತುಣುಕು ಎಂದು ತಿಳಿಯಲು ನನಗೆ ಕೆಲವು ವರ್ಷಗಳು ಬೇಕಾದವು.

ಮನೆಯಲ್ಲಿ ಕಂಪ್ಯೂಟರ್ ಕಟ್ಟುವುದು ಸಾಧ್ಯವಾದದ್ದೇ ಒಂದು ವಾಣಿಜ್ಯ ನಿರ್ಧಾರದಿಂದ. 1981ರ ಆಗಸ್ಟ್ 12ರಂದು ಐಬಿಎಂ ತನ್ನ ಪಿ.ಸಿ.ಯನ್ನು ಪ್ರಕಟಿಸಿದಾಗ ಅದರ ಸರ್ಕ್ಯೂಟ್ ನಕ್ಷೆಗಳನ್ನೂ ತಾಂತ್ರಿಕ ಕೈಪಿಡಿಯಲ್ಲಿ ಅಚ್ಚು ಹಾಕಿಸಿ ಮಾರಿತು. ಅದನ್ನು ಹೋಲುವ ಯಂತ್ರಗಳು ಬೇಗನೆ ಬಂದವು. ತೈವಾನಿನಲ್ಲಿ 1986ರಲ್ಲಿ ಗಿಗಾಬೈಟ್ ಮತ್ತು ಎಂಎಸ್‌ಐ, 1989ರಲ್ಲಿ ಏಸಸ್ ಹುಟ್ಟಿದವು. 1995ರಲ್ಲಿ ಇಂಟೆಲ್ ಎಟಿಎಕ್ಸ್ ಅಳತೆಯನ್ನು ಗೊತ್ತುಮಾಡಿದ ಮೇಲೆ ಯಾರ ಬೋರ್ಡಾದರೂ ಯಾರ ಪೆಟ್ಟಿಗೆಯಲ್ಲಾದರೂ ಕೂರುವಂತಾಯಿತು. ಭಾರತ 1997ರಲ್ಲಿ ಮಾಹಿತಿ ತಂತ್ರಜ್ಞಾನ ಒಪ್ಪಂದಕ್ಕೆ ಸೇರಿ ಹಂತಹಂತವಾಗಿ ಸುಂಕ ಇಳಿಸಿತು. ಬೆಂಗಳೂರಿನ ಎಸ್.ಪಿ. ರೋಡಿನಲ್ಲೂ ನಾಗಪುರದ ಸೀತಾಬರ್ಡಿಯಲ್ಲೂ ‘ಅಸೆಂಬಲ್ಡ್’ ಎಂಬ ಮಾತು ಮಧ್ಯಮವರ್ಗದ ಮನೆಮಾತಾದ ಕಾಲವದು. ಅಗ್ಗದ ಪೈಪೋಟಿಯೂ ಆಗಲೇ ಬಿಗಿಯಾಯಿತು. ಒಂದೊಂದು ಬಿಡಿಭಾಗದಲ್ಲೂ ಪೈಸೆ ಉಳಿಸುವ ಒತ್ತಡವಿತ್ತು.

ಕೆಪಾಸಿಟರಿನ ಕೆಲಸವನ್ನು ನಮ್ಮ ಕೆರೆಯ ಲೆಕ್ಕದಲ್ಲಿ ಹೇಳಬಹುದು. ಪ್ರೊಸೆಸರಿಗೆ ಬೇಕಾದದ್ದು ಅಂದಿನ ಲೆಕ್ಕದಲ್ಲಿ ಒಂದೂವರೆ ವೋಲ್ಟಿನ ಆಸುಪಾಸು, ಪವರ್ ಸಪ್ಲೈ ಕೊಡುವುದು 12 ವೋಲ್ಟ್. ಮದರ್‌ಬೋರ್ಡು ಅದನ್ನು ಇಳಿಸುವಾಗ ಪ್ರವಾಹ ಏರಿಳಿಯುತ್ತದೆ. ಮಳೆ ಬಂದಾಗ ತುಂಬಿಕೊಂಡು ತೂಬಿನಲ್ಲಿ ಒಂದೇ ಸಮನೆ ಬಿಡುವ ಕೆರೆಯಂತೆ ಕೆಪಾಸಿಟರ್ ಅದನ್ನು ಸಮ ಮಾಡುತ್ತದೆ. ಅದರೊಳಗಿರುವುದು ಅಲ್ಯೂಮಿನಿಯಂ ಹಾಳೆಯ ಸುರುಳಿ ಮತ್ತು ಒಂದು ದ್ರಾವಣ. ದ್ರಾವಣದಲ್ಲಿ ನೀರು ಹೆಚ್ಚಿದರೆ ಕೆಪಾಸಿಟರ್ ಅಗ್ಗವೂ ಸಮರ್ಥವೂ ಆಗುತ್ತದೆ. ಆದರೆ ನೀರು ಅಲ್ಯೂಮಿನಿಯಮ್ಮನ್ನು ತಿನ್ನದಂತೆ ತಡೆಯುವ ರಾಸಾಯನಿಕಗಳು ಜೊತೆಗಿರಬೇಕು. ಅವಿಲ್ಲದಿದ್ದರೆ ಹೈಡ್ರೋಜನ್ ಹುಟ್ಟಿ ಡಬ್ಬಿ ಉಬ್ಬುತ್ತದೆ. ಜಪಾನಿನ ಸೂತ್ರವೊಂದು ಕದ್ದುಹೋಗಿ, ಅರ್ಧಂಬರ್ಧವಾಗಿ ತೈವಾನಿನ ಕಾರ್ಖಾನೆಗಳನ್ನು ಸೇರಿದ್ದೇ ಇದಕ್ಕೆ ಕಾರಣವೆಂದು 2002–03ರ ಉದ್ಯಮ ಪತ್ರಿಕೆಗಳು ಬರೆದವು. ಪತ್ತೇದಾರಿ ಕಾದಂಬರಿಗೆ ಒಗ್ಗುವ ಈ ಕಥೆ ಬಹಳ ಜನಪ್ರಿಯವಾಯಿತು. ಆದರೆ ಅದೊಂದೇ ಎಲ್ಲವನ್ನೂ ವಿವರಿಸುವುದಿಲ್ಲ.

ಡೆಲ್ ಕಂಪನಿಯ ಆಪ್ಟಿಪ್ಲೆಕ್ಸ್ ಯಂತ್ರಗಳ ಪ್ರಕರಣ ನೋಡಿ. ಅವುಗಳಲ್ಲಿ ಕೆಟ್ಟದ್ದು ಪ್ರತಿಷ್ಠಿತ ಜಪಾನೀ ಸಂಸ್ಥೆ ನಿಚಿಕಾನಿನ ಕೆಪಾಸಿಟರುಗಳು! 2003ರ ಮೇ ತಿಂಗಳಿಂದ 2005ರ ಜುಲೈವರೆಗೆ ಸಾಗಿಸಿದ ಕನಿಷ್ಠ 1.18 ಕೋಟಿ ಯಂತ್ರಗಳು ಅಪಾಯದಲ್ಲಿದ್ದವು ಎಂಬುದು ಮುಂದೆ ಮೊಕದ್ದಮೆಯ ದಾಖಲೆಗಳಿಂದ ಹೊರಬಂತು. 2005ರಲ್ಲೇ ಡೆಲ್ ದುರಸ್ತಿಗಾಗಿ ಸುಮಾರು 30 ಕೋಟಿ ಡಾಲರ್ ತೆಗೆದಿಡಬೇಕಾಯಿತು. ‘ತೈವಾನಿನ ಮಾಲು ಕಳಪೆ, ಜಪಾನಿನದು ಗಟ್ಟಿ’ ಎಂದು ನಾವೆಲ್ಲ ಅಂಗಡಿಯ ಮುಂದೆ ನಿಂತು ಆಡುತ್ತಿದ್ದ ಮಾತಿಗೆ ಆಧಾರ ಅಷ್ಟಕ್ಕಷ್ಟೆ.

ನನ್ನ ಬೋರ್ಡು ಮೇ ತಿಂಗಳಲ್ಲೇ ಕೈಕೊಟ್ಟದ್ದೂ ಆಕಸ್ಮಿಕವಲ್ಲ. ದ್ರವ ಕೆಪಾಸಿಟರಿನ ಮೇಲೆ ‘105 ಡಿಗ್ರಿ’ ಎಂದು ಅಚ್ಚಾಗಿರುತ್ತದೆ. ಆ ಶಾಖದಲ್ಲಿ 2000 ಗಂಟೆ ಬಾಳುವುದಾದರೆ, ಹತ್ತು ಡಿಗ್ರಿ ಇಳಿದಂತೆಲ್ಲ ಆಯುಸ್ಸು ಇಮ್ಮಡಿಸುತ್ತದೆ ಎಂಬುದು ಎಂಜಿನಿಯರುಗಳ ಸ್ಥೂಲ ನಿಯಮ. 65 ಡಿಗ್ರಿಯಲ್ಲಿ 32,000 ಗಂಟೆ. 75ರಲ್ಲಿ ಅದರ ಅರ್ಧ, ಅಂದರೆ ದಿನಕ್ಕೆ ಎಂಟು ಗಂಟೆಯಂತೆ ಐದೂವರೆ ವರ್ಷ. ಮೈಸೂರಿಗೂ 45 ಡಿಗ್ರಿ ದಾಟುವ ನಾಗಪುರಕ್ಕೂ ಇರುವ ಅಂತರ ಸುಮಾರಾಗಿ ಇಷ್ಟೇ. ಒಳ್ಳೆಯ ಕೆಪಾಸಿಟರಿಗೇ ಈ ಗತಿಯಾದರೆ ಕೆಟ್ಟದ್ದರ ಪಾಡೇನು? ಜೊತೆಗೆ ನಮ್ಮ ವಿದರ್ಭದ ಕೂಲರು ಬೇರೆ. ಅದರ ಲಾವಂಚದ ಪರಿಮಳವನ್ನು ನಾನು ಊರಿಗೆ ಹೋದಾಗಲೂ ನೆನೆಯುತ್ತೇನೆ. ಆದರೆ ಅದು ಕೋಣೆಗೆ ತುಂಬುವ ತೇವ ಧೂಳಿನೊಡನೆ ಸೇರಿ ಬೋರ್ಡಿನ ಮೇಲೆ ಪದರುಗಟ್ಟುತ್ತದೆ.

ಈ ಪಿಡುಗಿನ ತರುವಾಯ, 2006ರ ಸುಮಾರಿನಿಂದ, ದ್ರವದ ಬದಲು ಘನ ಪಾಲಿಮರ್ ತುಂಬಿದ ಕೆಪಾಸಿಟರುಗಳು ಸಾಮಾನ್ಯ ಬೋರ್ಡುಗಳಿಗೂ ಇಳಿದವು. ಒಳಗೆ ದ್ರವವೇ ಇಲ್ಲವಾದ್ದರಿಂದ ಆರುವುದಿಲ್ಲ, ಆ ಬಗೆಯಲ್ಲಿ ಉಬ್ಬುವುದೂ ಇಲ್ಲ. ಇಪ್ಪತ್ತು ಡಿಗ್ರಿ ಇಳಿದರೆ ಅವುಗಳ ಆಯುಸ್ಸು ಹತ್ತು ಪಟ್ಟಾಗುತ್ತದೆಂದು ತಯಾರಕರ ಲೆಕ್ಕ. ಬೋರ್ಡಿನ ಪೆಟ್ಟಿಗೆಯ ಮೇಲೆ ಕೆಪಾಸಿಟರಿನ ಹೆಸರನ್ನು ಹೆಮ್ಮೆಯಿಂದ ಅಚ್ಚು ಹಾಕುವ ಪದ್ಧತಿ ಬಲಗೊಂಡದ್ದು ಹೀಗೆ. ಅದಕ್ಕೂ ಮೊದಲು ಸಾಮಾನ್ಯ ಗ್ರಾಹಕನಿಗೆ ಆ ಡಬ್ಬಿಗಳು ಇವೆಯೆಂಬುದೂ ಗೊತ್ತಿರಲಿಲ್ಲ. ನನಗಂತೂ ಇರಲಿಲ್ಲ, ಇಂಗ್ಲಿಷ್ ಎಂ.ಎ. ಓದಿದವನಿಗೆ ಮಿಲ್ಟನ್ನನ ಪದ್ಯದ ಗಣ ಗೊತ್ತಿತ್ತು, ಅಷ್ಟೆ.

ಈಗ ಮಗಳ ಸರದಿ. ಲಕ್ಷ್ಮೀ ನಗರಕ್ಕೆ ಹತ್ತಿರದಲ್ಲೇ ಇರುವ, 1960ರಲ್ಲಿ ಆರಂಭವಾಗಿ ನಮ್ಮ ವಿಶ್ವೇಶ್ವರಯ್ಯನವರ ಹೆಸರು ಹೊತ್ತಿರುವ ಎಂಜಿನಿಯರಿಂಗ್ ಕಾಲೇಜಿಗೆ ಸೇರಿದ್ದಾಳೆ. “ಅಪ್ಪಾ, ಯಾವ ಕಂಪನಿದು ತಗೊಳ್ಳಲಿ?” ಎಂದು ಕೇಳಿದಳು. ಕಂಪನಿಯನ್ನು ಆಮೇಲೆ ನೋಡೋಣ ಎಂದೆ. ಪ್ರೊಸೆಸರಿಗೆ ವಿದ್ಯುತ್ ಒದಗಿಸುವ ಭಾಗದ ಮೇಲೆ ಶಾಖ ಹೀರುವ ದಪ್ಪ ಲೋಹದ ಪಟ್ಟಿ ಇದೆಯೇ, ಬೋರ್ಡು ತಾಳುವ ಶಕ್ತಿ ಪ್ರೊಸೆಸರಿನ ಹಸಿವಿಗಿಂತ ಸಾಕಷ್ಟು ಮೇಲಿದೆಯೇ, ಮೂರು ವರ್ಷದ ವಾರಂಟಿಯನ್ನು ನಾಗಪುರದಲ್ಲೇ ನಡೆಸಿಕೊಡುತ್ತಾರೆಯೇ ಅಥವಾ ಮುಂಬಯಿಗೆ ಕಳಿಸುತ್ತಾರೆಯೇ ಎಂದು ಮೊದಲು ವಿಚಾರಿಸು ಎಂದೆ. ಬೋರ್ಡಿಗೆ ಹಣ ಸುರಿದು ಪವರ್ ಸಪ್ಲೈಯಲ್ಲಿ ಉಳಿಸಬೇಡ ಎಂದೂ ಹೇಳಿದೆ. ಆ ತಪ್ಪನ್ನು ನಾನು ಎರಡು ಸಲ ಮಾಡಿದ್ದೇನೆ.

ಹಳೆಯ ಬೋರ್ಡು ಟ್ರಂಕಿನಲ್ಲಿತ್ತು. ತಂದು ಅವಳ ಮುಂದಿಟ್ಟೆ. ಉಬ್ಬಿದ ನೆತ್ತಿಗಳನ್ನು ಬೆರಳಿನಿಂದ ಒಂದೊಂದಾಗಿ ಮುಟ್ಟಿ ನೋಡಿದಳು. ಆಮೇಲೆ ಹದಿನೆಂಟು ಪುಟಗಳ ಕಡತ ಎಲ್ಲಿದೆಯೆಂದು ಕೇಳಿ, ಎರಡು ಪ್ರತಿ ಮಾಡಿಟ್ಟುಕೊಂಡಳು. ಮೂರು ಬೋರ್ಡುಗಳಲ್ಲಿ ಒಂದನ್ನು ಈ ಭಾನುವಾರ ಆರಿಸಬೇಕು. ಕೂಲರನ್ನು ಯಾವ ಕಿಟಕಿಗೆ ಸರಿಸುವುದೆಂಬ ವಿಷಯದಲ್ಲಿ ಮನೆಯಲ್ಲಿ ಇನ್ನೂ ಒಮ್ಮತವಿಲ್ಲ.